ಪಥ್ಯದ ಪಟ್ಟಿಯಿಂದ ಊಟದ ನೆಮ್ಮದಿಗೆ: ಕರುಳಿನ ಉರಿಯೂತದಲ್ಲಿ ಆಹಾರೋಪದೇಶದ ಚರಿತ್ರೆ

ಕರುಳಿನ ಬಹುಕಾಲದ ಉರಿಯೂತಕ್ಕೆ ಗುರಿಯಾದವರು ವೈದ್ಯರನ್ನು ಕೇಳುವ ಪ್ರಶ್ನೆಗಳಲ್ಲಿ ‘ನಾನು ಏನನ್ನು ತಿನ್ನಬಹುದು?’ ಎಂಬುದು ಮುಖ್ಯವಾದುದು. ಇದಕ್ಕೆ ವೈದ್ಯಶಾಸ್ತ್ರವು ಕಾಲಕಾಲಕ್ಕೆ ಕೊಟ್ಟ ಉತ್ತರಗಳು ಒಂದೇ ತೆರನಾಗಿಲ್ಲ. ಆ ಉತ್ತರಗಳ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಇತ್ತೀಚೆಗೆ ಅಂತರಜಾಲದ ಮೂಲಕ ನಡೆಯುತ್ತಿರುವ ಆಹಾರಶಿಕ್ಷಣಕ್ಕೆ ಅದರಲ್ಲಿ ಯಾವ ಸ್ಥಾನವಿದೆಯೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ವ್ಯಾಧಿಯಲ್ಲಿ ಎರಡು ಪ್ರಧಾನ ಬಗೆಗಳುಂಟು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದುದು. ಕ್ರೋನ್ಸ್ ರೋಗವು ಬಾಯಿಂದ ಗುದದವರೆಗೆ ಎಲ್ಲಿಯಾದರೂ ತಲೆದೋರಬಹುದು. ಎರಡೂ ಕೆಲಕಾಲ ಕೆರಳಿ, ಕೆಲಕಾಲ ಅಡಗಿ, ಜೀವಮಾನವೆಲ್ಲ ಜೊತೆಯಲ್ಲಿರುವಂಥವು. ಮೊದಲನೆಯದರ ಹೆಸರನ್ನು ಲಂಡನ್ನಿನ ಸ್ಯಾಮ್ಯುಯಲ್ ವಿಲ್ಕ್ಸ್ ೧೮೫೯ರಲ್ಲಿ ಬರೆದ ವರದಿಯೊಂದಿಗೆ ಸಾಮಾನ್ಯವಾಗಿ ಸೇರಿಸಿ ಹೇಳುತ್ತಾರೆ. ಎರಡನೆಯದನ್ನು ಹೋಲುವ ರೋಗವನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್‌ಜೀಲ್ ೧೯೧೩ರಲ್ಲಿ ವರ್ಣಿಸಿದ್ದರು. ೧೯೩೨ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಆಪನ್‌ಹೈಮರ್ ಎಂಬ ಮೂವರು ೧೪ ರೋಗಿಗಳ ವಿವರವನ್ನು ಪ್ರಕಟಿಸಿದ ಬಳಿಕ ಅದು ಪ್ರತ್ಯೇಕ ರೋಗವೆಂದು ಮನ್ನಣೆ ಪಡೆಯಿತು.

ಆ ಕಾಲದಲ್ಲಿ ಕಾರಣವೂ ತಿಳಿದಿರಲಿಲ್ಲ, ನೆಚ್ಚಬಹುದಾದ ಮದ್ದೂ ಇರಲಿಲ್ಲ. ಮುರಿದ ಕೈಗೆ ವಿಶ್ರಾಂತಿ ಬೇಕಾದಂತೆ ಹುಣ್ಣಾದ ಕರುಳಿಗೂ ವಿಶ್ರಾಂತಿ ಬೇಕೆಂಬುದು ಸಹಜವಾದ ತರ್ಕವಾಗಿತ್ತು. ಆದುದರಿಂದ ಸಿಪ್ಪೆ, ಬೀಜ, ಹಸಿ ತರಕಾರಿ, ಕಾಳು, ಮಸಾಲೆಗಳನ್ನು ವರ್ಜಿಸಿ, ನಾರಿಲ್ಲದ ಮೆತ್ತನೆಯ ಆಹಾರವನ್ನು ವಿಧಿಸುವ ಪದ್ಧತಿ ಬೆಳೆಯಿತು. ಕರುಳು ಕಿರಿದಾಗಿ ದಾರಿ ಕಟ್ಟಿದವರ ಮಟ್ಟಿಗೆ ಇದು ಇಂದಿಗೂ ಯುಕ್ತವೇ. ಆದರೆ ಕೆಲವರಿಗೆ ತಕ್ಕ ವಿಧಿಯು ಎಲ್ಲರಿಗೂ, ಎಲ್ಲ ಕಾಲಕ್ಕೂ ಅನ್ವಯಿಸತೊಡಗಿದುದರಿಂದ ತೊಡಕು ಹುಟ್ಟಿತು.

ಈ ವಿಧಿನಿಷೇಧಗಳನ್ನು ಪರೀಕ್ಷೆಗೆ ಒಡ್ಡುವ ಪ್ರಯತ್ನ ತಡವಾಗಿ ಮೊದಲಾಯಿತು. ಆಕ್ಸ್‌ಫರ್ಡಿನ ಸಿಡ್ನಿ ಟ್ರೂಲವ್ ೧೯೬೧ರಲ್ಲಿ ಹಾಲಿನಿಂದ ಕೊಲೈಟಿಸ್ ಕೆರಳಿದ ಕೆಲವು ರೋಗಿಗಳನ್ನು ಕುರಿತು ಬರೆದರು. ೧೯೬೫ರಲ್ಲಿ ರೈಟ್ ಎಂಬವರೊಡನೆ ಅವರು ನಡೆಸಿದ ತುಲನಾತ್ಮಕ ಪರೀಕ್ಷೆಯಲ್ಲಿ, ಹಾಲನ್ನು ಬಿಟ್ಟುದರಿಂದ ಪ್ರಯೋಜನ ಪಡೆದವರು ಕೆಲವರು ಮಾತ್ರವೇ ಎಂದು ತೋರಿತು. ೧೯೭೯ರಲ್ಲಿ ಬ್ರಿಸ್ಟಲಿನ ಹೀಟನ್ ಮತ್ತು ಸಂಗಡಿಗರು ಹಳೆಯ ಉಪದೇಶಕ್ಕೆ ತೀರ ವಿರುದ್ಧವಾಗಿ, ನಾರು ತುಂಬಿದ ಆಹಾರವನ್ನೇ ಕ್ರೋನ್ಸ್ ರೋಗಿಗಳಿಗೆ ಕೊಟ್ಟು ಒಳ್ಳೆಯ ಫಲ ಬಂದಿತೆಂದು ವರದಿಮಾಡಿದರು. ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಆ ಫಲ ಸ್ಥಿರಪಡಲಿಲ್ಲವೆಂದು ೧೯೮೭ರಲ್ಲಿ ತಿಳಿದುಬಂದಿತು.

ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದುದು ೧೯೮೫ರಲ್ಲಿ ಇಟಲಿಯಿಂದ ಹೊರಬಂದ ಲೆವನ್‌ಸ್ಟೈನ್ ಮತ್ತು ಸಂಗಡಿಗರ ಅಧ್ಯಯನ. ಕರುಳು ಕಿರಿದಾಗಿರದ ೭೦ ಮಂದಿ ಕ್ರೋನ್ಸ್ ರೋಗಿಗಳಲ್ಲಿ ಒಂದು ಗುಂಪಿಗೆ ನಾರು ಕಡಮೆಯಾದ ಪಥ್ಯವನ್ನೂ, ಇನ್ನೊಂದಕ್ಕೆ ಆ ನಾಡಿನ ಎಂದಿನ ಊಟವನ್ನೂ ೨೯ ತಿಂಗಳು ವಿಧಿಸಲಾಯಿತು. ರೋಗಲಕ್ಷಣಗಳಲ್ಲಾಗಲಿ, ಆಸ್ಪತ್ರೆ ಸೇರುವುದರಲ್ಲಾಗಲಿ, ಶಸ್ತ್ರಚಿಕಿತ್ಸೆಯ ಅಗತ್ಯದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಎಂದರೆ, ಪಥ್ಯ ಹಿಡಿದವರು ತಮ್ಮ ಊಟದ ರುಚಿಯನ್ನು ನಿಷ್ಕಾರಣವಾಗಿ ತೊರೆದಿದ್ದರು.

ಆಹಾರಕ್ಕೆ ಚಿಕಿತ್ಸೆಯ ಶಕ್ತಿಯೇ ಇಲ್ಲವೆಂದು ಇದರಿಂದ ತಿಳಿಯಬಾರದು. ೧೯೮೪ರಲ್ಲಿ ಓಮೊರಾಯಿನ್ ಮತ್ತು ಸಂಗಡಿಗರು ಸುಲಭವಾಗಿ ಹೀರಲ್ಪಡುವ ದ್ರವಾಹಾರವೊಂದರಿಂದಲೇ ಕ್ರೋನ್ಸ್ ರೋಗದ ಉಲ್ಬಣವನ್ನು ಸ್ಟೀರಾಯ್ಡ್ ಮದ್ದಿಗೆ ಸಮನಾಗಿ ಶಮನಗೊಳಿಸಬಹುದೆಂದು ತೋರಿಸಿದರು. ಇಂದು ಮಕ್ಕಳ ಕ್ರೋನ್ಸ್ ರೋಗದಲ್ಲಿ ಇಂಥ ದ್ರವಾಹಾರವೇ ಮೊದಲ ಚಿಕಿತ್ಸೆಗಳಲ್ಲಿ ಒಂದು. ಆದರೆ ಕೆಲವು ವಾರಗಳ ಈ ಚಿಕಿತ್ಸೆ ಬೇರೆ, ಜೀವಮಾನವಿಡೀ ಹೊರಬೇಕಾದ ನಿಷೇಧಗಳ ಹೊರೆ ಬೇರೆ.

ಪರೀಕ್ಷೆಗಳು ಇಷ್ಟನ್ನು ಹೇಳಿದ ಮೇಲೂ ನಿಷೇಧದ ಪಟ್ಟಿ ಅಳಿಯಲಿಲ್ಲ. ಇದಕ್ಕೆ ಕಾರಣವಿಲ್ಲದಿಲ್ಲ. ಒಂದು ದಿನ ಟೊಮ್ಯಾಟೊ ತಿಂದ ಮೇಲೆ ಹೊಟ್ಟೆ ನೊಂದರೆ, ಅದು ಕಾಕತಾಳೀಯವೋ ಅಲ್ಲವೋ, ರೋಗಿಯು ಟೊಮ್ಯಾಟೊವನ್ನು ಬಿಡುತ್ತಾನೆ. ಹೀಗೆ ಒಂದೊಂದಾಗಿ ಬಿಟ್ಟವು ಮತ್ತೆ ತಟ್ಟೆಗೆ ಬರುವುದಿಲ್ಲ. ಹಾಲನ್ನು ಬಿಟ್ಟು ಬದಲಿ ಹುಡುಕದವನಿಗೆ ಕ್ಯಾಲ್ಸಿಯಂ ಕೊರತೆ. ಅದರೊಡನೆ ಸ್ಟೀರಾಯ್ಡ್ ಸೇರಿದರೆ ಮೂಳೆಯ ದೌರ್ಬಲ್ಯ. ದೇಹಕ್ಕಿಂತ ಮಿಗಿಲಾಗಿ ಮನಸ್ಸು ನೋಯುತ್ತದೆ: ಮದುವೆಯ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅಂಜಿಕೆ, ಪ್ರಯಾಣದ ದಿನ ಉಪವಾಸ, ಮನೆಯವರು ಪ್ರೀತಿಯಿಂದ ಬಡಿಸಿದುದನ್ನು ಒಲ್ಲೆನೆನ್ನುವ ಸಂಕೋಚ.

ಈ ಸಂಕಟವು ಅಳತೆಗೆ ಸಿಕ್ಕಿದ್ದು ಇತ್ತೀಚೆಗೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ರೋಗಿಗಳ ಮಾತುಗಳನ್ನೇ ಆಧರಿಸಿ ರೂಪಿಸಿದ, ಆಹಾರಸಂಬಂಧವಾದ ಜೀವನಮಟ್ಟವನ್ನು ಅಳೆಯುವ ೨೯ ಹೇಳಿಕೆಗಳ ಪ್ರಶ್ನಾವಳಿಯು ೨೦೧೬ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ‘ಈ ಆಹಾರ ಕರುಳಿಗೆ ಏನು ಮಾಡುತ್ತದೆ?’ ಎಂದು ಕೇಳುತ್ತಿದ್ದ ಶಾಸ್ತ್ರವು ‘ಈ ರೋಗವು ಊಟಕ್ಕೆ ಏನು ಮಾಡಿದೆ?’ ಎಂದೂ ಕೇಳತೊಡಗಿತು. ಈ ಚರಿತ್ರೆಯ ನಿಜವಾದ ತಿರುವು ಇದೇ ಎಂದು ನಮಗೆ ತೋರುತ್ತದೆ.

ಆನ್‌ಲೈನ್ ಶಿಕ್ಷಣವು ಈ ತಿರುವಿನ ಫಲ. ಇದಕ್ಕೆ ಮುನ್ನವೇ ರೋಗಿಯ ಸ್ವಯಂನಿರ್ವಹಣೆಯ ದಾರಿ ತೆರೆದಿತ್ತು: ೨೦೦೧ರಲ್ಲಿ ಇಂಗ್ಲೆಂಡಿನಲ್ಲಿ ಲಿಖಿತ ಸೂಚನೆಗಳಿಂದಲೂ, ೨೦೧೦ರಲ್ಲಿ ಡೆನ್ಮಾರ್ಕ್ ಮತ್ತು ಐರ್ಲೆಂಡುಗಳಲ್ಲಿ ಅಂತರಜಾಲದಿಂದಲೂ, ಕೊಲೈಟಿಸ್ ರೋಗಿಗಳು ತಮ್ಮ ಮದ್ದಿನ ಪ್ರಮಾಣವನ್ನು ತಾವೇ ನಡಸಿಕೊಳ್ಳಬಲ್ಲರೆಂದು ತಿಳಿದಿತ್ತು. ಆಹಾರತಜ್ಞರು ವಿರಳವಾಗಿರುವ ಊರುಗಳಿಗೂ, ಶೌಚದ ತುರ್ತಿನಿಂದ ಮನೆ ಬಿಟ್ಟು ಹೊರಡಲಾರದವರಿಗೂ ಈ ಮಾಧ್ಯಮ ಅನುಕೂಲವಾದುದು. ಒಂದು ಪಾಠವನ್ನು ಹತ್ತು ಬಾರಿ ಓದಬಹುದು. ಬಿಟ್ಟ ಆಹಾರವನ್ನು, ರೋಗವು ಶಾಂತವಾಗಿರುವಾಗ, ಸ್ವಲ್ಪಸ್ವಲ್ಪವಾಗಿ ಮತ್ತೆ ತಿಂದುನೋಡುವ ಕ್ರಮವನ್ನು ಕಲಿಯಬಹುದು.

ಆದರೆ ಕಠಿಣ ಪಥ್ಯಗಳ ಪ್ರಚಾರವೂ ಇದೇ ಮಾಧ್ಯಮದಲ್ಲಿ ನಡೆಯುತ್ತದೆ. ಅಲ್ಲಿ ಬಹಳ ಹೆಸರಾದ ‘ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್’ ಪಥ್ಯವನ್ನು ಹೆಚ್ಚು ಸಡಿಲವಾದ ಮೆಡಿಟರೇನಿಯನ್ ಊಟದೊಡನೆ ಹೋಲಿಸಿದ ಅಮೆರಿಕದ ಪರೀಕ್ಷೆಯೊಂದು ೨೦೨೧ರಲ್ಲಿ ಪ್ರಕಟವಾಯಿತು. ಕ್ರೋನ್ಸ್ ರೋಗದಲ್ಲಿ ಮೊದಲನೆಯದು ಮೇಲೆಂದು ಸಿದ್ಧಪಡಲಿಲ್ಲ. ಅಲ್ಲದೆ ತೂಕ ಇಳಿಯುತ್ತಿರುವವನಿಗೂ, ಕರುಳು ಕಿರಿದಾದವನಿಗೂ ಯಾವ ಪಾಠವೂ ವೈದ್ಯನ ಸ್ಥಾನವನ್ನು ತುಂಬಲಾರದು.

ಒಟ್ಟಿನಲ್ಲಿ, ಸುಮಾರು ಒಂದು ಶತಮಾನದ ಈ ಚರಿತ್ರೆ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಸಾಕ್ಷ್ಯವಿಲ್ಲದೆ ಕೊಟ್ಟ ನಿಷೇಧವು ನಿರಪಾಯವಾದ ಎಚ್ಚರಿಕೆಯಲ್ಲ. ಅದಕ್ಕೂ ಬೆಲೆಯುಂಟು, ಆ ಬೆಲೆಯನ್ನು ತೆರುವವನು ರೋಗಿ. ಹೊಸ ಶಿಕ್ಷಣದ ಯೋಗ್ಯತೆಯನ್ನು ಅದು ಎಷ್ಟು ಮಂದಿಯನ್ನು ತಲಪಿತೆಂಬುದರಿಂದಲ್ಲ, ಎಷ್ಟು ಮಂದಿ ಅಂಜಿಕೆಯಿಲ್ಲದೆ ಮತ್ತೆ ಪಂಕ್ತಿಯಲ್ಲಿ ಕುಳಿತರೆಂಬುದರಿಂದ ಅಳೆಯುವುದು ನ್ಯಾಯ.