ಮೊದಲ ಸ್ಥಾನದ ಕೆಟ್ಟ ಹಾಡು

ಜನಪ್ರಿಯತೆಯ ತುದಿಗೇರಿದ ಹಿಂದೀ ಚಿತ್ರಗೀತೆಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದು? ಮಾಟುಂಗದಿಂದ ಡೊಂಬಿವಲಿಯವರೆಗೆ, ಮುಂಬಯಿಯ ನಾವು ನಾಲ್ಕು ಮಂದಿ ಕನ್ನಡಿಗರು ಸೇರಿದಲ್ಲಿ ಒಮ್ಮೆಯಾದರೂ ಈ ವಾದ ಏಳುವುದುಂಟು. ಹಿರಿಯರು ಎಪ್ಪತ್ತರ ದಶಕದ ಹಾಡೊಂದನ್ನು ದೂರುತ್ತಾರೆ, ಅವರ ಮಕ್ಕಳು ತೊಂಬತ್ತರ ದಶಕದ್ದನ್ನು. ಇದು ಬರಿಯ ಹರಟೆಯಂತೆ ಕಂಡರೂ ಇದರ ಹಿಂದೆ ಒಂದು ಇತಿಹಾಸವಿದೆ. ಯಾವ ಕಾಲ ಯಾವ ಹಾಡನ್ನು ಕೆಟ್ಟದ್ದೆಂದಿತು, ಯಾವುದನ್ನು ಸುಮ್ಮನೆ ಬಿಟ್ಟಿತು ಎಂಬುದನ್ನು ನೋಡಿದರೆ ನಮ್ಮ ಪರಿಚಯ ನಮಗೇ ಆಗುತ್ತದೆ.

ಮೊದಲ ತೀರ್ಪು ಬಂದದ್ದು ಸರಕಾರದಿಂದಲೇ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳು. ಚಿತ್ರಗೀತೆಗಳ ಸಾಹಿತ್ಯ ಕೀಳು, ಸಂಗೀತ ಪಾಶ್ಚಾತ್ಯರ ಅನುಕರಣೆ ಎಂಬುದು ಅವರ ನಿಲುವಾಗಿತ್ತು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ಮರೆಯಾದವು. ಕೇಳುಗರು ರೇಡಿಯೊದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೊ ಸಿಲೋನ್ ‘ಬಿನಾಕಾ ಗೀತಮಾಲಾ’ವನ್ನು ಆರಂಭಿಸಿತು. ಟೂತ್‌ಪೇಸ್ಟಿನ ಹೆಸರು ಹೊತ್ತ ಆ ಕಾರ್ಯಕ್ರಮ ಮುಂಬಯಿಯಲ್ಲೇ ಅಮೀನ್ ಸಯಾನಿಯವರ ದನಿಯಲ್ಲಿ ಧ್ವನಿಮುದ್ರಣಗೊಂಡು, ಟೇಪಾಗಿ ಕೊಲಂಬೊಗೆ ಹೋಗಿ, ಅಲ್ಲಿಂದ ಬುಧವಾರದ ರಾತ್ರಿ ಮುಂಬಯಿಯ ಮನೆಗಳಿಗೇ ಮರಳಿ ಬರುತ್ತಿತ್ತು! 1957ರಲ್ಲಿ ಆಕಾಶವಾಣಿ ಸೋಲೊಪ್ಪಿಕೊಂಡಂತೆ ವಿವಿಧ ಭಾರತಿಯನ್ನು ತೆರೆಯಿತು.

ಹಾಡುಗಳಿಗೆ ಮೆಟ್ಟಿಲುಗಳನ್ನು ಕಟ್ಟಿ, ಒಂದನೆಯ ಮೆಟ್ಟಿಲಿಗಾಗಿ ದೇಶವೇ ಕಾಯುವಂತೆ ಮಾಡಿದ್ದು ಗೀತಮಾಲಾ. ರೆಕಾರ್ಡು ಅಂಗಡಿಗಳ ಮಾರಾಟ, ಶ್ರೋತೃಸಂಘಗಳ ಅಭಿಪ್ರಾಯ ಇವೇ ಅದರ ತಕ್ಕಡಿ. ಆ ತಕ್ಕಡಿ ಗುಣವನ್ನು ತೂಗುತ್ತಿತ್ತೆಂದು ಹೇಳಲಾಗದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ‘ಪ್ಯಾಸಾ’ ಬಂದದ್ದು 1957ರಲ್ಲಿ. ಆ ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ‘ಜನಮ್ ಜನಮ್ ಕೆ ಫೇರೆ’ ಎಂಬ, ಇಂದು ಹೆಚ್ಚಿನವರು ಹೆಸರನ್ನೇ ಮರೆತಿರುವ ಚಿತ್ರದ ಹಾಡು. ಅದು ಕೆಟ್ಟ ಹಾಡೇನಲ್ಲ, ಇಂಪಾದದ್ದೇ. ಆದರೆ ಮೊದಲ ಸ್ಥಾನವೆಂಬುದು ಆ ಹೊತ್ತಿನ ಮೋಹವೇ ಹೊರತು ಕಾಲದ ತೀರ್ಪಲ್ಲ.

ಎರಡನೆಯ ಆರೋಪಿ ‘ದಂ ಮಾರೋ ದಂ’. ದೇವಾನಂದರ ‘ಹರೇ ರಾಮ ಹರೇ ಕೃಷ್ಣ’ 1971ರದ್ದು; ಅದರ ಈ ಹಾಡು 1972ರ ವಾರ್ಷಿಕ ಪಟ್ಟಿಯ ನೆತ್ತಿಯಲ್ಲಿತ್ತು. ಗಾಂಜಾ ಸೇದುವುದನ್ನು ದೇವರ ಹೆಸರಿನೊಡನೆ ಬೆರೆಸಿದ್ದಕ್ಕಾಗಿ ಆಕಾಶವಾಣಿ ಅದಕ್ಕೆ ನಿಷೇಧ ಹಾಕಿತು. ಚಿತ್ರವು ಹಿಪ್ಪಿಗಳ ಬದುಕನ್ನು ಟೀಕಿಸುವಂಥದು ಎಂಬುದು ಯಾರಿಗೂ ಮುಖ್ಯವಾಗಲಿಲ್ಲ. ಅದೇ ಹಾಡಿಗಾಗಿ ಆಶಾ ಭೋಸ್ಲೆಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು.

ಮೂರನೆಯದು ‘ಖಲ್‌ನಾಯಕ್’ ಚಿತ್ರದ ‘ಚೋಲಿ ಕೆ ಪೀಛೆ’. ಅಶ್ಲೀಲವೆಂದು ಅದರ ಮೇಲೆ ದಿಲ್ಲಿಯ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು, ದಾವೆ ನಿಲ್ಲಲಿಲ್ಲ. ರಾಜಸ್ಥಾನದ ಜನಪದ ಧಾಟಿಯ ತುಂಟತನವಿದು ಎಂದು ಒಂದು ಪಕ್ಷ, ಹೆಣ್ಣಿನ ಮೈಯನ್ನು ಸಂತೆಗಿಟ್ಟಿದ್ದಾರೆ ಎಂದು ಇನ್ನೊಂದು ಪಕ್ಷ. 1993ರ ವಾರ್ಷಿಕ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಅಲ್ಕಾ ಯಾಜ್ಞಿಕ್ ಹಾಗೂ ಇಳಾ ಅರುಣ್ ಅವರಿಗೆ ಫಿಲ್ಮ್‌ಫೇರ್ ಕೂಡ ಬಂತು. ಸ್ವಾರಸ್ಯವೆಂದರೆ ಆ ಹೊತ್ತಿಗೆ ಗೀತಮಾಲಾ ಸಿಲೋನನ್ನು ಬಿಟ್ಟು ವಿವಿಧ ಭಾರತಿಗೆ ಬಂದಿತ್ತು. ಕೇಸ್ಕರರು ಕಾವಲು ನಿಂತಿದ್ದ ಮನೆಯೊಳಗೇ ಈ ಹಾಡಿಗೆ ಪಟ್ಟಾಭಿಷೇಕವಾಯಿತು.

ಈ ಎರಡೂ ಹಾಡುಗಳನ್ನು ಸಮರ್ಥಿಸಲು ಇಂದು ಮಂದಿ ಸಿಗುತ್ತಾರೆ. ಹಾಗಾದರೆ ಎಂದೂ ಕಟಕಟೆಗೆ ಬಾರದ ಹಾಡೊಂದನ್ನು ನಾವು ನೆನೆಯಬೇಕಾಗಿದೆ. 1981ರ ಪಟ್ಟಿಯ ಮೊದಲನೆಯದು, ‘ಲಾವಾರಿಸ್’ ಚಿತ್ರದ ‘ಮೇರೆ ಅಂಗನೇ ಮೇ’. ಉತ್ತರ ಭಾರತದ ಜನಪದ ಮೂಲದ ಹಾಡಿದು. ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಸೀರೆಯುಟ್ಟು, ಹೆಂಡತಿ ಎತ್ತರವಾದರೇನು, ದಪ್ಪವಾದರೇನು, ಕಪ್ಪಾದರೇನು, ಗಿಡ್ಡವಾದರೇನು ಎಂದು ಒಂದೊಂದು ಚರಣದಲ್ಲಿ ಒಬ್ಬೊಬ್ಬಳನ್ನು ಗೇಲಿ ಮಾಡುತ್ತಾರೆ. ಯಾವ ಮಂತ್ರಿಯೂ ಸಿಟ್ಟಾದ ಹಾಗಿಲ್ಲ. ನಾವೂ ಸಿಟ್ಟಾಗಲಿಲ್ಲ. ಗಣೇಶೋತ್ಸವದ ಮಂಟಪಗಳ ಧ್ವನಿವರ್ಧಕದಲ್ಲಿ, ಮದುವೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ನಕ್ಕವರು, ಕುಣಿದವರು ನಾವೇ. ಕಪ್ಪು ಎಂಬ ಕಾರಣಕ್ಕೆ ಸಂಬಂಧ ತಪ್ಪಿದ ಹುಡುಗಿಯೂ ಅದೇ ಮಂಟಪದಲ್ಲಿ ಕುಳಿತು ನಗಬೇಕಾಗಿತ್ತು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಹಾಸ್ಯವನ್ನು ಹಾಸ್ಯವಾಗಿ ನೋಡಬೇಕು, ಗಂಡಸೇ ಸೀರೆಯುಟ್ಟು ತನ್ನನ್ನೂ ನಗೆಪಾಟಲು ಮಾಡಿಕೊಂಡಿದ್ದಾನಲ್ಲ ಎಂಬ ವಾದವನ್ನು ನಾವು ಬಲ್ಲೆವು. ಧಾಟಿ ಸೊಗಸಾಗಿದೆ ಎಂಬುದನ್ನೂ ಒಪ್ಪುತ್ತೇವೆ. ಆದರೆ ಹಾಡು ಮುಗಿದ ಮೇಲೆ ನಟ ಸೀರೆ ಕಳಚಿ ಹೋಗುತ್ತಾನೆ. ಆ ಮೈಬಣ್ಣ, ಆ ಮೈಕಟ್ಟು ಇದ್ದವರಿಗೆ ಅದನ್ನು ಕಳಚಲಾಗದು. ನಿಷೇಧಿಸಿದ ಹಾಡುಗಳು ನಮ್ಮ ಮರ್ಯಾದೆಗೆ ಪೆಟ್ಟು ಕೊಟ್ಟವು, ಆದ್ದರಿಂದ ಗದ್ದಲವಾಯಿತು. ಈ ಹಾಡಿನ ಪೆಟ್ಟು ಬಿದ್ದದ್ದು ದೂರು ಕೊಡಲಾಗದವರ ಮೇಲೆ.

ಇದನ್ನೂ ನಿಷೇಧಿಸಬೇಕಿತ್ತೆಂದು ನಾವು ಹೇಳುತ್ತಿಲ್ಲ. ನಿಷೇಧದಿಂದ ಏನಾಗುತ್ತದೆಂಬುದನ್ನು ಸಿಲೋನಿನ ಅಲೆಗಳು 1952ರಲ್ಲೇ ತೋರಿಸಿಕೊಟ್ಟಿವೆ. ಮುಂದಿನ ಸಲ ಈ ವಾದ ಎದ್ದಾಗ ನಮ್ಮ ಮತ 1981ರ ಹಾಡಿಗೆ. ಅದರೊಡನೆ, ಅಂದು ನಕ್ಕವರ ಪಟ್ಟಿಯಲ್ಲಿ ನಮ್ಮ ಹೆಸರನ್ನೂ ಬರೆದುಕೊಳ್ಳಬೇಕು.