ಹಂಪೆಯ ಇಬ್ಬರು ಅಲ್ಲಮರು

ಶರಣಸಾಹಿತ್ಯವು ಕನ್ನಡ ನೆಲದಲ್ಲಿ ಹುಟ್ಟಿದರೂ ಒಂದೇ ಭಾಷೆಯ ಸೊತ್ತಾಗಿ ಉಳಿಯಲಿಲ್ಲ. ಅನುವಾದವು ಅದಕ್ಕೆ ಸೇತುವೆಯಾಯಿತು. ಆದರೆ ಆ ಸೇತುವೆಯ ಮೇಲೆ ದಾಟಿಹೋದದ್ದು ಯಾವುದು, ಈಚೆ ದಡದಲ್ಲಿಯೇ ಉಳಿದದ್ದು ಯಾವುದು ಎಂಬುದು ವಿಚಾರಿಸತಕ್ಕ ವಿಷಯ. ಇದಕ್ಕೆ ಹಂಪೆಗಿಂತ ತಕ್ಕ ನಿದರ್ಶನವಿಲ್ಲ.

ಹಂಪೆ, ಹೊಸಪೇಟೆ, ಕಂಪ್ಲಿಗಳ ಸೀಮೆಯು ಕನ್ನಡ ತೆಲುಗುಗಳೆರಡೂ ಬೆರೆತ ನೆಲ. ನೆರೆಯ ಸಂಡೂರು ಮರಾಠಾ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಇಲ್ಲಿ ನುಡಿಯಿಂದ ನುಡಿಗೆ ದಾಟುವುದು ನಿತ್ಯದ ವ್ಯವಹಾರ.

ಸೇತುವೆಯ ಮೇಲೆ ಮೊದಲು ಬಂದದ್ದು ಹೊರಗಿನ ಸರಕು. ವಿರೂಪಾಕ್ಷನ ಭಕ್ತನಾದ ಹರಿಹರನು ತಮಿಳುನಾಡಿನ ಅರವತ್ತುಮೂವರು ಪುರಾತನರ ಚರಿತೆಗಳನ್ನು ರಗಳೆಗಳಲ್ಲಿ ಹಾಡಿದನು. ತಮಿಳರ ಸುಂದರರ್ ಕನ್ನಡದಲ್ಲಿ ನಂಬಿಯಣ್ಣನಾದನು. ಕಾರೈಕ್ಕಾಲ್ ಅಮ್ಮೈಯಾರ್ ಕಾರಿಕಾಲಮ್ಮೆಯಾದಳು. ಬಳಿಕ ಭೀಮಕವಿಯು ಪಾಲ್ಕುರಿಕೆ ಸೋಮನಾಥನ ತೆಲುಗು ದ್ವಿಪದಿಯ ಬಸವಪುರಾಣವನ್ನು 1369ರಲ್ಲಿ ಕನ್ನಡ ಷಟ್ಪದಿಗೆ ತಂದನು. ಕನ್ನಡಿಗನಾದ ಬಸವಣ್ಣನ ಪುರಾಣವು ಹೀಗೆ ತೆಲುಗಿನಿಂದ ತವರಿಗೆ ಮರಳಿತು.

ಅಲ್ಲಮಪ್ರಭುವಿನ ಚರಿತೆಯಲ್ಲಿ ಈ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಹರಿಹರನ ಪ್ರಭುದೇವರ ರಗಳೆಯ ಅಲ್ಲಮನು ಮದ್ದಳೆ ಬಾರಿಸುವ ತರುಣ. ಕಮಲತೆಯನ್ನು ಪ್ರೀತಿಸಿ, ಆಕೆಯ ಸಾವಿನಿಂದ ಕಂಗೆಟ್ಟು ಅಲೆದು, ಕೊನೆಗೆ ಅನಿಮಿಷಯ್ಯನಿಂದ ಲಿಂಗವನ್ನು ಪಡೆದವನು. ಪ್ರೌಢದೇವರಾಯನ (1424–1446) ಕಾಲದ ಚಾಮರಸನಿಗೆ ಈ ಚಿತ್ರವು ಒಪ್ಪಿಗೆಯಾಗಲಿಲ್ಲ. ಅವನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ಮೊದಲಿನಿಂದಲೂ ನಿರ್ಲಿಪ್ತ. ಬನವಸೆಯ ಮಾಯೆಯು ಅವನನ್ನು ಹಿಡಿಯಲು ಹವಣಿಸಿ ಸೋಲುತ್ತಾಳೆ. ಒಬ್ಬನು ನೊಂದು ಅರಿತವನು, ಇನ್ನೊಬ್ಬನು ನೋವೇ ಮುಟ್ಟದವನು. ಇಬ್ಬರೂ ಹಂಪೆಯ ಕವಿಪರಂಪರೆಯವರೇ.

ಇವರಲ್ಲಿ ದೂರ ದೇಶಗಳಿಗೆ ನಡೆದವನು ಚಾಮರಸನ ಅಲ್ಲಮನು. ಪಿಡುಪರ್ತಿ ಸೋಮನಾಥನು ಪ್ರಭುಲಿಂಗಲೀಲೆಯನ್ನು ತೆಲುಗಿಗೆ ತಂದನು. 17ನೆಯ ಶತಮಾನದಲ್ಲಿ ಶಿವಪ್ರಕಾಶರು ಅದನ್ನು ತಮಿಳಿಗೆ ತಂದರು. ಕನ್ನಡ ಕಾವ್ಯದ 25 ಗತಿಗಳ ವಿಭಾಗವನ್ನು, ‘ಗತಿ’ ಎಂಬ ಹೆಸರನ್ನೂ ಸಹ, ಅಲ್ಲಿ ಉಳಿಸಿಕೊಂಡರು. ಮರಾಠಿಗೂ ಆ ಕಾವ್ಯವು ಹೋಯಿತು. ಆ ಕಾವ್ಯಗಳನ್ನು ಓದಿದವರಿಗೆ ಅಲ್ಲಮನೆಂದರೆ ಮಾಯಾಕೋಲಾಹಲನೇ ಹೊರತು ಕಮಲತೆಗಾಗಿ ಅತ್ತ ಮದ್ದಳೆಗಾರನಲ್ಲ. ಅನುವಾದಕರು ತಪ್ಪಿದರೆಂದು ಇದರ ಅರ್ಥವಲ್ಲ. ಅವರು ತಮಗೆ ದೊರೆತ ಕಾವ್ಯಕ್ಕೆ ನಿಷ್ಠರಾಗಿದ್ದರು. ಆದರೆ ಯಾವ ಗ್ರಂಥವನ್ನು ಆಯ್ದುಕೊಳ್ಳಲಾಯಿತು ಎಂಬುದರಿಂದಲೇ ಪರಭಾಷೆಯಲ್ಲಿ ಶರಣನ ಮುಖವು ನಿರ್ಧಾರವಾಯಿತು.

ಇವೆರಡೂ ಅಲ್ಲಮನನ್ನು ಕುರಿತ ಕಥೆಗಳು. ಅವನ ಸ್ವಂತ ಮಾತಾದ ವಚನಗಳು ಬಹುಕಾಲ ಓಲೆಗರಿಗಳಲ್ಲಿಯೇ ಇದ್ದವು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿದ ಮೇಲೆ ವಚನಗಳು ವಿದ್ವಾಂಸರ ಕೈಗೆ ಸುಲಭವಾಗಿ ದೊರೆತವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿತು. 1973ರಲ್ಲಿ ಎ. ಕೆ. ರಾಮಾನುಜನ್ ಅವರ ಅನುವಾದವು ಪ್ರಕಟವಾಯಿತು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬೆಂಗಳೂರಿನ ಬಸವ ಸಮಿತಿಯು ಸುಮಾರು 2500 ವಚನಗಳನ್ನು ಅನೇಕ ಭಾರತೀಯ ಭಾಷೆಗಳಿಗೆ ಮಾಡಿಸಿತು.

ಇಲ್ಲಿಯೂ ಆಯ್ಕೆಯು ತಪ್ಪಲಿಲ್ಲ. ರಾಮಾನುಜನ್ ಅವರು ‘ಗುಹೇಶ್ವರ’ ಎಂಬ ಅಂಕಿತವನ್ನು ಗುಹೆಗಳ ಒಡೆಯನೆಂಬ ಅರ್ಥದಲ್ಲಿ ಅನುವಾದಿಸಿದರು. ಅನ್ಯಭಾಷಿಕನಿಗೆ ಅರ್ಥವು ದೊರೆಯಿತು. ಕನ್ನಡಿಗನ ಕಿವಿಯಲ್ಲಿ ಮಂತ್ರದಂತೆ ನಿಲ್ಲುವ ಹೆಸರು ಹಿಂದೆ ಉಳಿಯಿತು.

ವಿಠ್ಠಲ ದೇವಾಲಯದ ಬಳಿ ತುಂಗಭದ್ರೆಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳು ಇಂದಿಗೂ ನಿಂತಿವೆ. ಮೇಲಿನ ದಾರಿ ಇಲ್ಲ. 16ನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್ ಇಲ್ಲಿ ಜನರು ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಹರಿಗೋಲು ಒಮ್ಮೆಗೆ ಎಲ್ಲವನ್ನೂ ಹೊರಲಾರದು. ಮತ್ತೆ ಮತ್ತೆ ಹೋಗಿಬರಬೇಕು. ಶರಣರ ನುಡಿಯ ಅನುವಾದವೂ ಅಂತಹುದೇ. ಕಮಲತೆಯ ಅಲ್ಲಮನೂ, ಮಾಯೆಯನ್ನು ಗೆದ್ದ ಅಲ್ಲಮನೂ, ವಚನಕಾರ ಅಲ್ಲಮನೂ ಆಚೆ ದಡ ಸೇರಿದಾಗಲೇ ಆ ಕಾಯಕವು ಪೂರ್ಣವಾಗುವುದು.