ಪರಂಗಿ ತೋಟಕ್ಕೆ ಬಂದ ಬಿಳಿ ಹಿಟ್ಟು

ನಾನು ಬಿಇ ಓದ್ತಿದ್ದಾಗ ಒಮ್ಮೆ ರಜಕ್ಕೆ ಚಳ್ಳಕೆರೆ ಕಡೆಯ ನಮ್ಮೂರಿಗೆ ಹೋದರೆ, ಅಪ್ಪನ ಪರಂಗಿ ಗಿಡಗಳ ಮೇಲೆ ಯಾರೋ ಜೋಳದ ಹಿಟ್ಟು ಚೆಲ್ಲಿದ ಹಾಗಿತ್ತು. ಅದು ಹಿಟ್ಟು ತಿಗಣೆ. ಅಪ್ಪ ಸಾಲ ತಂದು ಮೂರು ಸಲ ಔಷಧಿ ಹೊಡೆದರು. ತಿಗಣೆ ಮೈಮೇಲಿನ ಮೇಣ ದಾಟಿ ವಿಷ ಒಳಗಿಳೀಲಿಲ್ಲ. ಮೊಳಕಾಲ್ಮೂರು ಕಡೆಯ ನೆಂಟರಿಗೂ ಹೆದರಿಕೆ, ಯಾಕಂದ್ರೆ ಈ ತಿಗಣೆ ಹಿಪ್ಪುನೇರಳೆಗೂ ಹತ್ತುತ್ತೆ. ಅವರು ಔಷಧಿ ಹೊಡೆಯೋ ಹಾಗೂ ಇಲ್ಲ, ಆ ಸೊಪ್ಪು ತಿಂದರೆ ರೇಷ್ಮೆಹುಳುವೇ ಸಾಯುತ್ತೆ.

ಇದು ಮೆಕ್ಸಿಕೋ ಕಡೆಯ ಕೀಟ. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಕೀಟ ಬಂತು, ಅದರ ಶತ್ರುಗಳು ಬರಲಿಲ್ಲ. 2010ರ ಜುಲೈನಲ್ಲಿ ಬೆಂಗಳೂರಿನ ಹೆಬ್ಬಾಳದ ಎನ್‌ಬಿಎಐಐ ಸಂಸ್ಥೆ, ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ, ಪೋರ್ಟೊರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿತು. ಪರೀಕ್ಷಿಸಿ, ಸಾಕಿ, ತೋಟಗಳಿಗೆ ಬಿಡಲಾಯಿತು. ಹೆಚ್ಚು ಕೆಲಸ ಮಾಡಿದ್ದು ಅಸಿರೋಫೇಗಸ್ ಪಪಾಯೆ, ಸಾಸಿವೆ ಕಾಳಿಗಿಂತ ಚಿಕ್ಕದು. ತಿಗಣೆಯೊಳಗೇ ಮೊಟ್ಟೆ ಇಡುತ್ತೆ. ಮರಿ ಒಳಗಿಂದ ತಿಂದು ಬೆಳೆದು, ಕಣಜವಾಗಿ ತೂತು ಕೊರೆದು ಹೊರಬರುತ್ತೆ. ಬಿಟ್ಟ ಕೆಲವೇ ತಿಂಗಳಲ್ಲಿ ಹಾವಳಿ ಇಳಿಯಿತು.

ಅಷ್ಟರಲ್ಲಿ ಅಪ್ಪ ಗಿಡ ಕಿತ್ತು ಸುಟ್ಟಾಗಿತ್ತು.

ಈಗ ದಿನಾ ಹೆಬ್ಬಾಳದ ಮೇಲೇ ಆಫೀಸಿಗೆ ಹೋಗ್ತೀನಿ, ಅಪ್ಪನ ತೋಟ ನೆನಪಾಗುತ್ತೆ. ಕಣಜ ಬಿಟ್ಟ ಮೇಲೆ ಔಷಧಿ ಹೊಡೆಯಬಾರದು. ಹೊಡೆದರೆ ತಿಗಣೆ ಮೇಣದಡಿ ಉಳಿಯುತ್ತೆ, ಕಣಜ ಸಾಯುತ್ತೆ. ಅಂದ್ರೆ ಕೈಕಟ್ಟಿ ಕಾಯಬೇಕು. ಕಣಜವನ್ನೇನೋ ಪುಕ್ಕಟೆ ಕೊಡಬಹುದು. ಸಾಲ ತಲೆ ಮೇಲಿರೋ ರೈತನಿಗೆ ಕಾಯೋ ಧೈರ್ಯ ಯಾರು ಕೊಡ್ತಾರೆ?